ಬಾಯಿಪಾಠದ ಪ್ರೋಗ್ರಾಂ ಸಾಕು: ಮೊದಲ ವರ್ಷದ ಪ್ರೋಗ್ರಾಮಿಂಗ್ ಕಲಿಕೆಗಾಗಿ ಒಂದು ಪ್ರಣಾಳಿಕೆ

ನಾವು ಯಾರು, ಏನು ಕೇಳುತ್ತಿದ್ದೇವೆ

ನಾವು ಕರ್ನಾಟಕದ ಎಂಜಿನಿಯರಿಂಗ್, ಬಿಸಿಎ, ಬಿಎಸ್ಸಿ ತರಗತಿಗಳ ಮೊದಲ ವರ್ಷದಲ್ಲಿ ಪ್ರೋಗ್ರಾಮಿಂಗ್ ಕಲಿಯುತ್ತಿರುವವರು, ಅದನ್ನು ಕಲಿಸುತ್ತಿರುವವರು, ಆ ವರ್ಷವನ್ನು ದಾಟಿ ಇವತ್ತು ಕೋಡ್ ಬರೆದೇ ಅನ್ನ ಸಂಪಾದಿಸುತ್ತಿರುವವರು. ನಮ್ಮಲ್ಲಿ ಬೆಂಗಳೂರಿನ ದೊಡ್ಡ ಕಾಲೇಜಿನವರೂ ಇದ್ದಾರೆ, ಕಂಪ್ಯೂಟರಿನ ಕೀಲಿಮಣೆಯನ್ನು ಮೊದಲು ಮುಟ್ಟಿದ್ದೇ ಕಾಲೇಜಿಗೆ ಬಂದ ಮೇಲೆ ಅನ್ನುವವರೂ ಇದ್ದಾರೆ. ನಮ್ಮನ್ನು ಒಂದೆಡೆ ಸೇರಿಸಿದ್ದು ಒಂದೇ ಬೇಡಿಕೆ.

ಮೊದಲ ಕೋರ್ಸ್ ಮುಗಿಸಿದ ಪ್ರತಿ ವಿದ್ಯಾರ್ಥಿಯೂ ಹಿಂದೆಂದೂ ನೋಡದ ಒಂದು ಸಣ್ಣ ಸಮಸ್ಯೆಯನ್ನು ಓದಿ ಅರ್ಥಮಾಡಿಕೊಂಡು, ಖಾಲಿ ಪರದೆಯಿಂದ ಶುರುಮಾಡಿ, ಕೆಲಸ ಮಾಡುವ ಪ್ರೋಗ್ರಾಂ ಬರೆಯಲು ಶಕ್ತರಾಗಬೇಕು. ಅದು ಸರಿಯಿದೆ ಎಂದು ತಾವೇ ಪರೀಕ್ಷಿಸಿ ತೋರಿಸಬೇಕು. ಇಷ್ಟು ಬಂದರೆ ಕೋರ್ಸ್ ಗೆದ್ದಂತೆ. ಇಷ್ಟು ಬರದೆ ಬಂದ ಅಂಕಗಳು ಎಷ್ಟಾದರೂ ಇರಲಿ, ಅವು ಕಲಿಕೆಯ ಲೆಕ್ಕಕ್ಕೆ ಬರುವುದಿಲ್ಲ.

ಲ್ಯಾಬಿನಲ್ಲಿ ಇವತ್ತು ನಡೆಯುತ್ತಿರುವುದು

ಸೆಮಿಸ್ಟರ್ ಶುರುವಾಗುತ್ತಿದ್ದಂತೆ ಹತ್ತು ಹನ್ನೆರಡು ಪ್ರೋಗ್ರಾಂಗಳ ಪಟ್ಟಿ ಕೈಗೆ ಬರುತ್ತದೆ. ವರ್ಗಸಮೀಕರಣದ ಮೂಲಗಳು, ಬೈನರಿ ಸರ್ಚ್, ಬಬಲ್ ಸಾರ್ಟ್, ಮ್ಯಾಟ್ರಿಕ್ಸ್ ಗುಣಾಕಾರ, ವಿದ್ಯುತ್ ಬಿಲ್. ಪಟ್ಟಿಯ ಬೆನ್ನಿಗೇ ಮ್ಯಾನ್ಯುಯಲ್ ಬರುತ್ತದೆ. ಉತ್ತರಗಳೆಲ್ಲ ಅದರಲ್ಲೇ ಇರುತ್ತವೆ. ಅದನ್ನು ನೋಡಿ ಟೈಪ್ ಮಾಡಬೇಕು, ಔಟ್‌ಪುಟ್ ಬಂದರೆ ಸಹಿ ಹಾಕಿಸಿಕೊಳ್ಳಬೇಕು, ರಾತ್ರಿ ಕೂತು ರೆಕಾರ್ಡ್ ಪುಸ್ತಕಕ್ಕೆ ಕೈಬರಹದಲ್ಲಿ ಇಳಿಸಬೇಕು. ಪರೀಕ್ಷೆಯ ದಿನ ಚೀಟಿ ಎತ್ತಿ, ಬಂದ ಪ್ರೋಗ್ರಾಂ ಬಾಯಿಪಾಠ ಆಗಿದ್ದರೆ ನಿಟ್ಟುಸಿರು ಬಿಡಬೇಕು. ವೈವಾದಲ್ಲಿ ಕೇಳುವ ಪ್ರಶ್ನೆಗಳೂ ಸೀನಿಯರ್‌ಗಳ ಬಳಿ ಸಿದ್ಧವಾಗಿರುತ್ತವೆ. ಈ ಇಡೀ ಸರಣಿಯಲ್ಲಿ ವಿದ್ಯಾರ್ಥಿ ಸ್ವಂತವಾಗಿ ಯೋಚಿಸಲೇಬೇಕಾದ ಜಾಗ ಒಂದೂ ಇಲ್ಲ.

ವಿದ್ಯುತ್ ಬಿಲ್ಲನ್ನೇ ತೆಗೆದುಕೊಳ್ಳೋಣ. ಮೊದಲ 200 ಯೂನಿಟ್‌ಗೆ ತಲಾ 80 ಪೈಸೆ, ಮುಂದಿನ 100 ಯೂನಿಟ್‌ಗೆ ತಲಾ 90 ಪೈಸೆ, 300 ದಾಟಿದ ಮೇಲೆ ಯೂನಿಟ್‌ಗೆ 1 ರೂಪಾಯಿ. 250 ಯೂನಿಟ್ ಬಳಸಿದ ಮನೆಗೆ ಎಷ್ಟು? ಮೊದಲ 200ಕ್ಕೆ 160 ರೂಪಾಯಿ, ಉಳಿದ 50ಕ್ಕೆ 45, ಒಟ್ಟು 205. ಇಡೀ 250ನ್ನು 90 ಪೈಸೆಯಿಂದ ಗುಣಿಸಿದರೆ 225. ಎರಡೂ ಬಗೆಯ ಪ್ರೋಗ್ರಾಂ ಕಂಪೈಲ್ ಆಗುತ್ತವೆ, ಎರಡೂ ಅಚ್ಚುಕಟ್ಟಾಗಿ ಉತ್ತರ ಮುದ್ರಿಸುತ್ತವೆ. ಎರಡನೆಯದರ ಲೆಕ್ಕದಲ್ಲಿ 200 ಯೂನಿಟ್ ಬಳಸಿದವರು 160 ರೂಪಾಯಿ ಕಟ್ಟುತ್ತಾರೆ, 201 ಬಳಸಿದವರು 180 ರೂಪಾಯಿ 90 ಪೈಸೆ ಕಟ್ಟುತ್ತಾರೆ. ಒಂದೇ ಒಂದು ಯೂನಿಟ್‌ಗೆ 20 ರೂಪಾಯಿ 90 ಪೈಸೆ!

ಈ ಅನ್ಯಾಯ ಕಣ್ಣಿಗೆ ಬೀಳುವುದೇ ಪ್ರೋಗ್ರಾಮಿಂಗ್. ಬರೆದಾದ ಮೇಲೆ 200, 201, 300, 301 ಕೊಟ್ಟು ನೋಡಬೇಕು, ತಪ್ಪಾಗುವುದಾದರೆ ಆ ಅಂಚುಗಳಲ್ಲೇ ಆಗುತ್ತದೆ ಎಂದು ಹೊಳೆಯುವುದೇ ಪಾಠ. ಮ್ಯಾನ್ಯುಯಲ್ ನೋಡಿ ಟೈಪ್ ಮಾಡಿದವರಿಗೆ ಆ ಅಂಚು ಎದುರಾಗುವುದೇ ಇಲ್ಲ. ಪರೀಕ್ಷೆಯಲ್ಲಿ ಮೂರು ಹಂತದ ದರವನ್ನು ನಾಲ್ಕು ಹಂತ ಮಾಡಿಬಿಟ್ಟರೆ ಕೈ ನಿಂತುಹೋಗುತ್ತದೆ. ಮನೆಗೆ ಬರುವ ಕರೆಂಟ್ ಬಿಲ್ಲನ್ನು ಅಪ್ಪ ಅಮ್ಮನಿಗೆ ಸಾಲು ಸಾಲಾಗಿ ವಿವರಿಸಬಲ್ಲ ಹುಡುಗಿ, ಲ್ಯಾಬಿನಲ್ಲಿ ಅದೇ ಲೆಕ್ಕದ ಮುಂದೆ "ಮರೆತುಹೋಯ್ತು ಸರ್" ಎಂದು ನಿಲ್ಲುತ್ತಾಳೆ. ಮರೆಯುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಅವಳಿಗೆ ಗೊತ್ತಿದ್ದ ಲೆಕ್ಕವನ್ನು ಕಂಠಪಾಠದ ವಿಷಯವಾಗಿ ಮಾಡಿದ್ದು ನಾವು.

ತಪ್ಪು ವಿದ್ಯಾರ್ಥಿಯ ತಲೆಯದಲ್ಲ

"ಕೋಡಿಂಗ್ ಎಲ್ಲರಿಗೂ ಬರುವಂಥದ್ದಲ್ಲ" ಎಂಬ ಮಾತು ಸ್ಟಾಫ್ ರೂಮಿನಲ್ಲೂ ಹಾಸ್ಟೆಲಿನಲ್ಲೂ ಕೇಳುತ್ತಲೇ ಇರುತ್ತದೆ. ಆ ಮಾತನ್ನು ನಾವು ಒಪ್ಪುವುದಿಲ್ಲ.

ಮೊದಲ ಕೋರ್ಸ್ ಎಡವುವುದು ನಮ್ಮಲ್ಲಿ ಮಾತ್ರ ಅಲ್ಲ. 1980ರ ದಶಕದಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಸಂಶೋಧಕ ಎಲಿಯಟ್ ಸೊಲೊವೆ ವಿದ್ಯಾರ್ಥಿಗಳಿಗೆ ಒಂದು ಸಣ್ಣ ಪ್ರಶ್ನೆ ಕೊಟ್ಟರು: ಅಂಕಿಗಳನ್ನು ಒಂದೊಂದಾಗಿ ಓದುತ್ತ ಹೋಗಿ, 99999 ಬಂದಾಗ ನಿಲ್ಲಿಸಿ, ಸರಾಸರಿ ಹೇಳಿ. ಮುಂದೆ ಮಳೆ ಲೆಕ್ಕ ಎಂದೇ ಹೆಸರಾದ ಈ ಪ್ರಶ್ನೆ ಕೋರ್ಸಿನ ಬಹುಭಾಗ ಮುಗಿಸಿದ್ದ ವಿದ್ಯಾರ್ಥಿಗಳಲ್ಲೂ ಹೆಚ್ಚಿನವರಿಗೆ ಸರಿಯಾಗಿ ಬರಲಿಲ್ಲ. 2001ರಲ್ಲಿ ಮೈಕೆಲ್ ಮೆಕ್‌ಕ್ರಾಕೆನ್ ಮತ್ತು ಜೊತೆಗಾರರು ನಾಲ್ಕು ವಿಶ್ವವಿದ್ಯಾಲಯಗಳ 216 ವಿದ್ಯಾರ್ಥಿಗಳನ್ನು ಪರೀಕ್ಷಿಸಿದರು. 110 ಅಂಕಕ್ಕೆ ಸರಾಸರಿ ಬಂದದ್ದು 23ರ ಆಸುಪಾಸು. 2014ರಲ್ಲಿ ವಾಟ್ಸನ್ ಮತ್ತು ಲೀ 15 ದೇಶಗಳ 161 ಮೊದಲ ಕೋರ್ಸ್‌ಗಳ ಫಲಿತಾಂಶ ಕೂಡಿಸಿ ನೋಡಿದಾಗ ಪಾಸಾದವರ ಸರಾಸರಿ ಪ್ರಮಾಣ ಶೇ 67.7. ಮೂವರಲ್ಲಿ ಒಬ್ಬರು ದಾಟುತ್ತಿಲ್ಲ.

ಇಷ್ಟು ದೇಶಗಳ ಇಷ್ಟು ಮಕ್ಕಳು ಒಂದೇ ಜಾಗದಲ್ಲಿ ಎಡವಿದರೆ ನೋಡಬೇಕಾದದ್ದು ಆ ಜಾಗವನ್ನು. ನೋಡಿದವರಿಗೆ ಕಾರಣವೂ ಸಿಕ್ಕಿದೆ. 2004ರಲ್ಲಿ ರೇಮಂಡ್ ಲಿಸ್ಟರ್ ಮುಂದಾಳತ್ವದ ತಂಡವೊಂದು ಹಲವು ದೇಶಗಳ ವಿದ್ಯಾರ್ಥಿಗಳಿಗೆ ಬರೆಯುವ ಬದಲು ಓದುವ ಪ್ರಶ್ನೆ ಕೊಟ್ಟಿತು: ಈ ಸಾಲುಗಳು ನಡೆದ ಮೇಲೆ ಯಾವ ಚರದಲ್ಲಿ ಯಾವ ಬೆಲೆ ಉಳಿಯುತ್ತದೆ? ಎಷ್ಟೋ ಜನಕ್ಕೆ ಅದೂ ಬರಲಿಲ್ಲ. ಬರೆದ ಕೋಡನ್ನು ಓದಲು ಬಾರದವರನ್ನು ನಾವು ನೇರವಾಗಿ ಬರೆಯಲು ಕೂರಿಸುತ್ತಿದ್ದೇವೆ. ಅವರಿಗೆ ಉಳಿಯುವ ದಾರಿ ಬಾಯಿಪಾಠ ಒಂದೇ.

ನಾವು ನಂಬಿರುವುದು

ಓದು ಬರಹಕ್ಕಿಂತ ಮೊದಲು. ಒಂದು ಹಾಳೆಯ ಮೇಲೆ ಮೂರು ಸಾಲು ಬರೆಯಿರಿ. ಮೊದಲ ಸಾಲಿನಲ್ಲಿ ಅ = 5, ಆ = 7. ಎರಡನೆಯದರಲ್ಲಿ ಅ = ಆ. ಮೂರನೆಯದರಲ್ಲಿ ಆ = ಅ. ಎರಡರ ಬೆಲೆಯೂ ಅದಲುಬದಲಾಯಿತೆ? ಗಣಿತದ ತರಗತಿಯಿಂದ ಬಂದ ಮಕ್ಕಳಲ್ಲಿ ಬಹಳ ಮಂದಿ ಹೌದು ಅನ್ನುತ್ತಾರೆ. ಪ್ರತಿ ಸಾಲಿನ ಪಕ್ಕ ಎರಡು ಬೆಲೆಗಳನ್ನೂ ಬರೆಯುತ್ತ ಬಂದರೆ ಎರಡನೆಯ ಸಾಲಿನಲ್ಲೇ 5 ಅಳಿಸಿಹೋದದ್ದು ಕಾಣುತ್ತದೆ. ಕೊನೆಗೆ ಎರಡೂ 7. ಮೂರನೆಯ ಚರವೊಂದು ಏಕೆ ಬೇಕು ಎಂಬುದು ಆಗ ಯಾರೂ ಹೇಳಿಕೊಡದೆ ಹೊಳೆಯುತ್ತದೆ. ಯಂತ್ರದೊಳಗೆ ಏನು ನಡೆಯುತ್ತಿದೆ ಎಂಬ ಚಿತ್ರ ತಲೆಯಲ್ಲಿ ಮೂಡದೆ ಲೂಪ್, ಅರೇ, ಪಾಯಿಂಟರ್ ಯಾವುದೂ ನಿಲ್ಲುವುದಿಲ್ಲ. ಕಾಗದ, ಪೆನ್ಸಿಲ್ಲು, ಟ್ರೇಸಿಂಗ್: ಮೊದಲ ಮೂರು ವಾರ ಇದೇ ನಡೆಯಲಿ.

ಎರರ್ ಎಂದರೆ ಪಾಠ. ಸಿ ಭಾಷೆಯ ಇಫ್ ಸಾಲಿನಲ್ಲಿ == ಬರೆಯುವಲ್ಲಿ ಒಂದೇ = ಬಿದ್ದು, ಯೂನಿಟ್ 200ಕ್ಕೆ ಸಮವೇ ಎಂದು ಕೇಳುವ ಬದಲು ಯೂನಿಟ್‌ಗೆ 200 ಎಂಬ ಬೆಲೆಯನ್ನೇ ತುಂಬಿದಂತಾಯಿತು ಅನ್ನಿ. ಪ್ರೋಗ್ರಾಂ ನಿಲ್ಲುವುದಿಲ್ಲ, ಷರತ್ತು ಪ್ರತಿ ಬಾರಿಯೂ ನಿಜವಾಗುತ್ತದೆ, ಊರಿನ ಎಲ್ಲರಿಗೂ 160 ರೂಪಾಯಿ ಬಿಲ್ ಬರುತ್ತದೆ. ಇದನ್ನು ಸ್ವತಃ ಹುಡುಕಿ ಹಿಡಿದವರು ಜೀವನದಲ್ಲಿ ಮರೆಯುವುದಿಲ್ಲ. ಮೇಷ್ಟ್ರು ಬಂದು ಎರಡು ಸೆಕೆಂಡಿನಲ್ಲಿ ತಿದ್ದಿಕೊಟ್ಟರೆ ಆ ಪಾಠ ಕೈತಪ್ಪುತ್ತದೆ. ಮಕ್ಕಳಿಗಾಗಿ 1967ರಲ್ಲಿ ಲೋಗೊ ಭಾಷೆಯನ್ನು ರೂಪಿಸಿದವರಲ್ಲಿ ಒಬ್ಬರಾದ ಸೀಮೊರ್ ಪೇಪರ್ಟ್ 1980ರ ತಮ್ಮ ಮೈಂಡ್‌ಸ್ಟಾರ್ಮ್ಸ್ ಪುಸ್ತಕದಲ್ಲಿ ವಾದಿಸಿದ್ದೂ ಇದನ್ನೇ: ಪ್ರೋಗ್ರಾಂ ಸರಿಯೋ ತಪ್ಪೋ ಎಂಬುದಕ್ಕಿಂತ ಅದನ್ನು ತಿದ್ದುವುದು ಹೇಗೆ ಎಂಬುದು ಮುಖ್ಯ ಪ್ರಶ್ನೆ. ಪರದೆಯ ಮೇಲೆ ಕೆಂಪು ಸಾಲು ಕಂಡ ಕೂಡಲೇ ನಾಚಿಕೆಯಿಂದ ಕಿಟಕಿ ಮುಚ್ಚುವ ಮಕ್ಕಳನ್ನು ಬೆಳೆಸಿದ್ದು ನಮ್ಮ ಅಂಕಪದ್ಧತಿ.

ಹಿಂದಿನ ಅನುಭವವೇ ಪ್ರತಿಭೆಯಲ್ಲ. ಪಿಯುಸಿಯಲ್ಲಿ ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡು ಬಂದವರೂ ಪಿಸಿಎಂಬಿ ಓದಿ ಬಂದವರೂ ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಮೊದಲ ವಾರವೇ ಒಬ್ಬರು ಪಟಪಟನೆ ಟೈಪ್ ಮಾಡುತ್ತಾರೆ, ಇನ್ನೊಬ್ಬರು ಸೆಮಿಕೋಲನ್ ಎಲ್ಲಿದೆ ಎಂದು ಹುಡುಕುತ್ತಿರುತ್ತಾರೆ. ಆ ಎರಡನೆಯವರು ತಮಗೆ ತಲೆಯಿಲ್ಲ ಎಂದು ಅಂದೇ ತೀರ್ಮಾನಿಸಿಬಿಡುತ್ತಾರೆ, ಅವರಲ್ಲಿ ಹುಡುಗಿಯರೂ ಕನ್ನಡ ಮಾಧ್ಯಮದವರೂ ಬಹಳ. ಈ ತಪ್ಪು ತೀರ್ಮಾನವನ್ನು ತಡೆಯಬಹುದು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಸೈನ್ಸ್ ಪದವಿಗೆ ಸೇರುವವರಲ್ಲಿ 1995ರಲ್ಲಿ ಹೆಣ್ಣುಮಕ್ಕಳು ಶೇ 7, 2000ದ ಹೊತ್ತಿಗೆ ಶೇ 42. ಪ್ರವೇಶದಲ್ಲಿ ಹಿಂದಿನ ಕೋಡಿಂಗ್ ಅನುಭವಕ್ಕೆ ಕೊಡುತ್ತಿದ್ದ ತೂಕವನ್ನು ಇಳಿಸಿದ್ದು, ಬೇರೆ ಬೇರೆ ಅನುಭವದವರಿಗೆ ಬೇರೆ ಬೇರೆ ಮೊದಲ ಹೆಜ್ಜೆ ಒದಗಿಸಿದ್ದು ಅದರ ಮುಖ್ಯ ಕಾರಣಗಳಲ್ಲಿ ಸೇರಿವೆ. ಐದು ವರ್ಷದಲ್ಲಿ ಹುಡುಗಿಯರ ಬುದ್ಧಿ ಬದಲಾಗಲಿಲ್ಲ, ಬಾಗಿಲು ಬದಲಾಯಿತು.

ಯೋಚನೆ ಕನ್ನಡದಲ್ಲೂ ಆಗಬಹುದು. 1970ರ ದಶಕದ ಆರಂಭದಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಡೆನಿಸ್ ರಿಚಿ ರೂಪಿಸಿದ ಸಿ ಭಾಷೆಯ 1989ರ ಪ್ರಮಾಣಿತ ರೂಪದಲ್ಲಿ ಕಾದಿಟ್ಟ ಪದಗಳು 32. ಆ 32 ಇಂಗ್ಲಿಷ್ ಪದಗಳನ್ನು ಒಂದು ವಾರದಲ್ಲಿ ಕಲಿಯಬಹುದು. ಸಮಸ್ಯೆಯನ್ನು ಬಿಡಿಸುವುದು, ಹೆಜ್ಜೆಗಳನ್ನು ಜೋಡಿಸುವುದು, ಎಲ್ಲಿ ತಪ್ಪಿತು ಎಂದು ತರ್ಕಿಸುವುದು ಯಾವ ಭಾಷೆಯಲ್ಲಾದರೂ ಆಗುತ್ತದೆ. ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿಯಾದ ಎಐಸಿಟಿಇ 2021ರಲ್ಲೇ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಎಂಜಿನಿಯರಿಂಗ್ ಕಲಿಸಲು ಅವಕಾಶ ಕೊಟ್ಟಿದೆ. ಪೈಥಾನ್ 3ರಲ್ಲಿ ಚರಗಳಿಗೆ ಕನ್ನಡದಲ್ಲೇ ಹೆಸರಿಡಬಹುದು: ಮೊತ್ತ = ಮೊತ್ತ + ದರ ಎಂದು ಬರೆದರೆ ಅದು ನಡೆಯುತ್ತದೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕನ್ನಡ ಎಂಬ ಪದದ ಉದ್ದ ಎಷ್ಟು ಎಂದು ಪೈಥಾನ್‌ನ ಲೆನ್ ಫಂಕ್ಷನ್ ಅನ್ನು ಕೇಳಿ. ನಮ್ಮ ಕಣ್ಣಿಗೆ ಮೂರು ಅಕ್ಷರ, ಅದು ಹೇಳುವುದು 5. ಕ, ನ, ಹಲಂತ ಚಿಹ್ನೆ, ಮತ್ತೊಂದು ನ, ಡ: ಯೂನಿಕೋಡ್ ಒತ್ತಕ್ಷರವನ್ನು ಹೀಗೆ ಬಿಡಿಸಿಡುತ್ತದೆ. ಅದನ್ನೇ ಯುಟಿಎಫ್-8ರಲ್ಲಿ ಉಳಿಸಿ ಸಿ ಭಾಷೆಯ ಸ್ಟ್ರ್‌ಲೆನ್ ಅನ್ನು ಕೇಳಿದರೆ 15, ಏಕೆಂದರೆ ಪ್ರತಿ ಸಂಕೇತಕ್ಕೂ 3 ಬೈಟ್. ಅಕ್ಷರ, ಸಂಕೇತ, ಬೈಟ್ ಮೂರೂ ಬೇರೆ ಎಂಬ ಈ ಪಾಠವನ್ನು ಇಂಗ್ಲಿಷ್ ಉದಾಹರಣೆ ಹೇಳಿಕೊಡಲಾರದು, ಅಲ್ಲಿ ಮೂರೂ ಒಂದೇ ಅಂಕಿ ತೋರಿಸುತ್ತವೆ. ಕನ್ನಡ ಗೊತ್ತಿರುವುದು ಈ ಕೋರ್ಸಿನಲ್ಲಿ ಕೊರತೆಯಲ್ಲ, ಬಂಡವಾಳ.

ಯಂತ್ರ ಬರೆದುಕೊಡುತ್ತದೆ ಎಂದು ಕಲಿಕೆ ಬಿಡಲಾಗದು. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಲ್ಯಾಬ್ ಪಟ್ಟಿಯ ಅಷ್ಟೂ ಪ್ರೋಗ್ರಾಂಗಳು ಕೇಳಿದ ಕೂಡಲೇ ಸಿಗುತ್ತವೆ. ಬಾಯಿಪಾಠಕ್ಕೆ ಇದ್ದ ಕೊನೆಯ ಸಮರ್ಥನೆಯೂ ಅಲ್ಲಿಗೆ ಬಿದ್ದುಹೋಯಿತು. ಕೊಟ್ಟ ಕೋಡ್ 201ನೆಯ ಯೂನಿಟ್‌ಗೆ ಸರಿಯಾಗಿ ಲೆಕ್ಕ ಹಾಕುತ್ತದೆಯೇ ಎಂದು ನೋಡುವ ಹೊಣೆ ಮಾತ್ರ ಮನುಷ್ಯರದೇ. ಓದಿ ಅಳೆಯಲು ಬಾರದವರು ಆ ಸಲಕರಣೆಯ ಕೈಕೆಳಗೆ ದುಡಿಯಬೇಕಾಗುತ್ತದೆ. ಅದನ್ನು ನಿಷೇಧಿಸಿ ಎಂದು ನಾವು ಹೇಳುವುದಿಲ್ಲ. ಮೊದಲು ಸ್ವಂತ ಪ್ರಯತ್ನ, ಆಮೇಲೆ ಯಂತ್ರದ ಉತ್ತರ, ಕೊನೆಗೆ ಎರಡರ ಹೋಲಿಕೆ: ಈ ಕ್ರಮ ತಪ್ಪಬಾರದು.

ನಮ್ಮ ಹಕ್ಕೊತ್ತಾಯಗಳು

ವಿಶ್ವವಿದ್ಯಾಲಯಗಳ ಪಠ್ಯ ಮಂಡಳಿಗಳಿಗೆ, ಕಾಲೇಜುಗಳ ಆಡಳಿತಕ್ಕೆ ನಾವು ಮುಂದಿಡುವ ಒತ್ತಾಯಗಳು ಇವು.

1. ಲ್ಯಾಬ್ ಪರೀಕ್ಷೆಯ ಪ್ರಶ್ನೆ ಪಟ್ಟಿಯ ಹೊರಗಿನದಾಗಿರಲಿ. ಕಲಿತ ಪರಿಕಲ್ಪನೆಗಳಿಂದಲೇ ಬಿಡಿಸಬಹುದಾದ, ಮೊದಲೇ ಉತ್ತರ ಓಡಾಡದ ಸಣ್ಣ ಪ್ರಶ್ನೆ ಸಾಕು. ದರದ ಹಂತವನ್ನು ಬದಲಿಸುವಷ್ಟು ಬದಲಾವಣೆಯೂ ಆರಂಭಕ್ಕೆ ಸಾಕು.

2. ರೆಕಾರ್ಡ್ ಪುಸ್ತಕಕ್ಕೆ ಕೋಡ್ ನಕಲಿಸುವ ಪದ್ಧತಿ ನಿಲ್ಲಲಿ. ಆ ಗಂಟೆಗಳನ್ನು ಕೆಲಸದ ದಿನಚರಿಗೆ ಕೊಡಲಿ: ಏನು ಪ್ರಯತ್ನಿಸಿದೆ, ಯಾವ ಎರರ್ ಬಂತು, ಹೇಗೆ ಹಿಡಿದೆ, ಯಾವ ಬೆಲೆಗಳನ್ನು ಕೊಟ್ಟು ಪರೀಕ್ಷಿಸಿದೆ.

3. ಟ್ರೇಸ್ ಮಾಡುವುದಕ್ಕೆ, ಬೇರೆಯವರ ಕೋಡಿನಲ್ಲಿ ತಪ್ಪು ಹುಡುಕುವುದಕ್ಕೆ, ಪರೀಕ್ಷಾ ಬೆಲೆಗಳನ್ನು ಆರಿಸುವುದಕ್ಕೆ ಅಂಕ ಇರಲಿ. ಸಾಲುಗಳನ್ನು ಕಲಸಿ ಕೊಟ್ಟು ಸರಿಯಾದ ಕ್ರಮದಲ್ಲಿ ಜೋಡಿಸಲು ಹೇಳುವ ಪ್ರಶ್ನೆಗಳನ್ನು 2006ರಲ್ಲಿ ನ್ಯೂಜಿಲೆಂಡ್‌ನ ಡೇಲ್ ಪಾರ್ಸನ್ಸ್ ಮತ್ತು ಪ್ಯಾಟ್ರಿಷಿಯಾ ಹೇಡನ್ ಮುಂದಿಟ್ಟರು. ಅವು ನಮ್ಮ ಥಿಯರಿ ಪತ್ರಿಕೆಗೂ ಹೊಂದುತ್ತವೆ.

4. ಮೊದಲ ಸಲ ಕಲಿಯುವವರಿಗೂ ಕಲಿತು ಬಂದವರಿಗೂ ಪ್ರತ್ಯೇಕ ಲ್ಯಾಬ್ ಬ್ಯಾಚ್ ಮಾಡಿ. ಪರೀಕ್ಷೆಯ ಮಟ್ಟ ಒಂದೇ ಇರಲಿ, ಹೊರಡುವ ಜಾಗ ಬೇರೆಯಾಗಲಿ.

5. ಲ್ಯಾಬಿನಲ್ಲಿ ಜೋಡಿ ಕಲಿಕೆ ಬರಲಿ. ಒಬ್ಬರು ಟೈಪ್ ಮಾಡುವಾಗ ಇನ್ನೊಬ್ಬರು ಪ್ರತಿ ಸಾಲನ್ನೂ ಪ್ರಶ್ನಿಸಲಿ, ಹತ್ತು ಹದಿನೈದು ನಿಮಿಷಕ್ಕೊಮ್ಮೆ ಜಾಗ ಬದಲಾಗಲಿ. ಕಂಪ್ಯೂಟರ್ ಸಾಲದ ಕಾಲೇಜುಗಳಿಗೂ ಇದು ದಾರಿ.

6. ಹಳೆಯ ನೀಲಿ ಪರದೆಯ ಟರ್ಬೊ ಸಿ ಇನ್ನೂ ಎಲ್ಲಾದರೂ ಉಳಿದಿದ್ದರೆ ಅದಕ್ಕೆ ವಿದಾಯ ಹೇಳಿ. ಉಚಿತವಾಗಿ ಸಿಗುವ ಜಿಸಿಸಿಯಂಥ ಕಂಪೈಲರನ್ನು ಎಲ್ಲ ಎಚ್ಚರಿಕೆಗಳನ್ನೂ ತೋರಿಸುವಂತೆ ಹೊಂದಿಸಿ ಕೊಡಿ. ಒಂದೇ = ಹಾಕಿದ ತಪ್ಪನ್ನು ಅದು ಆ ಕ್ಷಣವೇ ಎತ್ತಿ ತೋರಿಸುತ್ತದೆ.

7. ಲ್ಯಾಬ್ ಸಂಜೆಯೂ ತೆರೆದಿರಲಿ. ಸ್ವಂತ ಲ್ಯಾಪ್‌ಟಾಪ್ ಇಲ್ಲದವರ ಅಭ್ಯಾಸ ವಾರದ ಒಂದು ಲ್ಯಾಬಿನಲ್ಲೇ ಮುಗಿದುಹೋಗುವುದು ಅನ್ಯಾಯ.

8. ವಿವರಣೆ, ಚರ್ಚೆ, ವೈವಾ ಕನ್ನಡದಲ್ಲೂ ನಡೆಯಲಿ. ಕೋಡಿನ ನಡುವಿನ ಟಿಪ್ಪಣಿಗಳನ್ನು ಕನ್ನಡದಲ್ಲಿ ಬರೆದರೆ ಅಂಕ ಕಳೆಯಬೇಡಿ.

9. ಮೊದಲ ವರ್ಷದ ಕೋರ್ಸನ್ನು ವಿಭಾಗದ ಅತ್ಯುತ್ತಮ ಶಿಕ್ಷಕರಿಗೆ ಕೊಡಿ. ಹೊಸದಾಗಿ ಸೇರಿದವರ ತಲೆಗೆ ಕಟ್ಟುವ ಹೊರೆ ಇದಾಗಬಾರದು.

ಭಾಷೆ ಸಿ ಇರಬೇಕೋ ಪೈಥಾನ್ ಇರಬೇಕೋ ಎಂಬ ಜಗಳದಲ್ಲಿ ನಾವು ಇಲ್ಲ. ಪೈಥಾನ್‌ನಲ್ಲೂ ಬಾಯಿಪಾಠ ನಡೆಯುತ್ತದೆ, ಸಿ ಭಾಷೆಯಲ್ಲೂ ಸ್ವಂತ ಯೋಚನೆ ಬೆಳೆಯುತ್ತದೆ. ಕಲಿಸುವ ಬಗೆ ಬದಲಾಗದೆ ಸಿಲಬಸ್‌ನಲ್ಲಿ ಭಾಷೆಯ ಹೆಸರು ಬದಲಿಸಿದರೆ ಸುಧಾರಣೆ ಆಗುವುದಿಲ್ಲ.

ನಮ್ಮ ಸಂಕಲ್ಪ

ಬೇರೆಯವರನ್ನು ಕೇಳುವ ಮುನ್ನ ನಾವೇ ಒಪ್ಪಿಕೊಳ್ಳುವ ಕಟ್ಟುಪಾಡುಗಳಿವೆ.

ವಿದ್ಯಾರ್ಥಿಗಳಾದ ನಾವು ಅರ್ಥವಾಗದ ಒಂದು ಸಾಲನ್ನೂ ನಮ್ಮ ಹೆಸರಿನಲ್ಲಿ ಒಪ್ಪಿಸುವುದಿಲ್ಲ. ಓಡಿಸುವ ಮೊದಲು ಔಟ್‌ಪುಟ್ ಏನು ಬರಬಹುದು ಎಂದು ಬರೆದಿಡುತ್ತೇವೆ, ಬೇರೆಯೇ ಬಂದರೆ ಏಕೆ ಎಂದು ಹುಡುಕುತ್ತೇವೆ. ಎರರ್ ಸಂದೇಶವನ್ನು ಪೂರ್ತಿ ಓದಿದ ಮೇಲಷ್ಟೇ ಸಹಾಯ ಕೇಳುತ್ತೇವೆ. ಜೂನಿಯರ್‌ಗಳಿಗೆ ಉತ್ತರದ ಫೈಲ್ ದಾಟಿಸುವುದನ್ನು ಬಿಟ್ಟು ಅವರ ಪಕ್ಕ ಕೂತು ಒಂದು ಗಂಟೆ ಕೊಡುತ್ತೇವೆ.

ಶಿಕ್ಷಕರಾದ ನಾವು ವಿದ್ಯಾರ್ಥಿಯ ಕೀಲಿಮಣೆಯನ್ನು ಕಿತ್ತುಕೊಂಡು ತಿದ್ದಿಕೊಡುವುದಿಲ್ಲ, ಪ್ರಶ್ನೆ ಕೇಳಿ ದಾರಿ ತೋರಿಸುತ್ತೇವೆ. ಸಿದ್ಧ ಕೋಡನ್ನು ಬೋರ್ಡಿನ ಮೇಲೆ ಇಳಿಸುವ ಬದಲು ಅವರ ಎದುರೇ ಬರೆಯುತ್ತ, ತಪ್ಪುತ್ತ, ತಿದ್ದುತ್ತ ಹೋಗುತ್ತೇವೆ. ಹಾರ್ವರ್ಡ್‌ನ ಭೌತಶಾಸ್ತ್ರ ಶಿಕ್ಷಕ ಎರಿಕ್ ಮಜೂರ್ 1990ರ ದಶಕದಲ್ಲಿ ಬೆಳೆಸಿದ ಕ್ರಮವನ್ನು ತರಗತಿಗೆ ತರುತ್ತೇವೆ: ಒಂದು ಪ್ರಶ್ನೆ, ಕೈಯೆತ್ತಿ ಉತ್ತರ, ಪಕ್ಕದವರೊಡನೆ ವಾದ, ಮತ್ತೊಮ್ಮೆ ಕೈಯೆತ್ತಿ ಉತ್ತರ. ಅರವತ್ತು ಜನರ ತರಗತಿಯಲ್ಲಿ ಇದಕ್ಕೆ ಬೇಕಾದದ್ದು ಐದು ನಿಮಿಷ ಮತ್ತು ಒಂದು ಒಳ್ಳೆಯ ಪ್ರಶ್ನೆ. "ಇಷ್ಟು ಸುಲಭದ್ದೂ ಬರುವುದಿಲ್ಲವೇ" ಎಂಬ ಮಾತನ್ನು ಇನ್ನು ಮುಂದೆ ಆಡುವುದಿಲ್ಲ.

ಉದ್ಯೋಗದಲ್ಲಿರುವ ನಾವು ಓದಿದ ಕಾಲೇಜಿಗೆ ಹಿಂತಿರುಗುತ್ತೇವೆ. ಸಂಬಳದ ಕಥೆ ಹೇಳಿ ಚಪ್ಪಾಳೆ ಗಿಟ್ಟಿಸಲು ಹೋಗುವುದಿಲ್ಲ. ಒಂದು ಸಂಜೆ ಲ್ಯಾಬಿನಲ್ಲಿ ಕೂತು, ಮೊದಲ ವರ್ಷದವರು ಬರೆದ ಕೋಡನ್ನು ಗೌರವದಿಂದ ಓದಿ, ಅವರ ಜೊತೆ ತಿದ್ದುತ್ತೇವೆ.

ಕರೆ

ಈ ಚಳವಳಿಗೆ ಸದಸ್ಯತ್ವದ ಶುಲ್ಕವಿಲ್ಲ, ಅನುಮತಿ ಬೇಕಿಲ್ಲ. ನಾಲ್ವರು ಸೇರಿದರೆ ಒಂದು ಘಟಕ. ವಾರಕ್ಕೊಮ್ಮೆ ಸೇರಿ, ಒಬ್ಬರು ಒಂದು ಹೊಸ ಸಮಸ್ಯೆ ತನ್ನಿ. ನಿಮ್ಮ ತಾಲ್ಲೂಕಿನ ಮಳೆಯ ಸರಾಸರಿ ಇರಲಿ, ಹಾಲಿನ ಡೇರಿಯ ಲೆಕ್ಕ ಇರಲಿ, ಬಸ್ಸಿನ ಟಿಕೆಟ್ ದರ ಇರಲಿ. ಮೊದಲು ಕಾಗದದ ಮೇಲೆ ಹೆಜ್ಜೆಗಳನ್ನು ಕನ್ನಡದಲ್ಲಿ ಬರೆಯಿರಿ, ಆಮೇಲೆ ಕೋಡ್ ಬರೆಯಿರಿ, ಆಮೇಲೆ ಒಬ್ಬರ ಪ್ರೋಗ್ರಾಂ ಅನ್ನು ಇನ್ನೊಬ್ಬರು ಕೆಡಿಸಲು ಪ್ರಯತ್ನಿಸಿ. ಸೆಮಿಸ್ಟರ್ ಮುಗಿಯುವ ಹೊತ್ತಿಗೆ ನೀವು ಬಿಡಿಸಿದ ಸಮಸ್ಯೆಗಳ ಕಟ್ಟನ್ನು ನಿಮ್ಮ ವಿಭಾಗದ ಮುಖ್ಯಸ್ಥರ ಮೇಜಿನ ಮೇಲಿಟ್ಟು, ಮುಂದಿನ ಪರೀಕ್ಷೆಗೆ ಪ್ರಶ್ನೆಗಳನ್ನು ಇಂಥವುಗಳಿಂದಲೇ ತೆಗೆಯಿರಿ ಎಂದು ಕೇಳಿ. ಪಠ್ಯ ಮಂಡಳಿಯಲ್ಲಿ ಕೂತಿರುವವರೇ, ಮುಂದಿನ ಪರಿಷ್ಕರಣೆಗೆ ಕಾಯಬೇಡಿ, ಪರೀಕ್ಷೆಯ ಒಂದು ಪ್ರಶ್ನೆಯನ್ನಾದರೂ ಈ ವರ್ಷವೇ ಬದಲಿಸಿ. ಮೊದಲ ವರ್ಷದ ಗೆಳೆಯರೇ, ಪ್ರೋಗ್ರಾಮಿಂಗ್ ನಿಮಗೆ ಬರುತ್ತದೆ. ಬಾಯಿಪಾಠ ಮಾಡಲು ಒಪ್ಪಬೇಡಿ, ಕಲಿಸಿ ಎಂದು ಕೇಳಿ.